ಸುಣ್ಣದ ಗೋಡೆ, ಬಣ್ಣದ ಕದ: ಧಾರವಾಡದ ಹಳ್ಳಿಮನೆಗಳಲ್ಲಿ ಸೀಸ ಮತ್ತು ಕಾನೂನು

ಧಾರವಾಡ ಜಿಲ್ಲೆಯ ಹಳ್ಳಿಮನೆಗಳಿಗೆ ಸೀಸ ಬಂದದ್ದು ಬಹುಮಟ್ಟಿಗೆ ಕದದ ಬಣ್ಣದ ಜೊತೆಗೆ. ನವಲಗುಂದ, ಕುಂದಗೋಳ, ಕಲಘಟಗಿ, ಅಣ್ಣಿಗೇರಿ ಸೀಮೆಯ ಗೋಡೆಗಳು ತಲೆಮಾರುಗಟ್ಟಲೆ ಕಂಡದ್ದು ಸುಣ್ಣ, ಕೆಮ್ಮಣ್ಣು, ಸಗಣಿಯನ್ನು. ಎಣ್ಣೆಬಣ್ಣ ಹತ್ತಿದ್ದು ಕದ, ಚೌಕಟ್ಟು, ಕಿಟಕಿಯ ಸರಳು, ಎತ್ತಿನ ಕೋಡುಗಳಿಗೆ. ಅಡುಗೆಮನೆಗೆ ಸೀಸ ಕಲಾಯಿಯ ನೆಪದಲ್ಲಿ ಹೊಕ್ಕಿತು. ಆಮೇಲೆ ನಳದ ಪೈಪು, ಇನ್ವರ್ಟರಿನ ಬ್ಯಾಟರಿ, ಸಂತೆಯ ಅಗ್ಗದ ಪಾತ್ರೆಗಳ ಸರದಿ. ಅದನ್ನು ತಡೆಯುವ ಕಾನೂನು ಕೂಡ ಹೀಗೆಯೇ ಬಿಡಿಬಿಡಿಯಾಗಿ ಬಂತು. ಬಣ್ಣಕ್ಕೆ ಒಂದು, ಆಹಾರಕ್ಕೆ ಒಂದು, ಪೈಪಿಗೆ ಒಂದು ಎಂದು ಒಂದೊಂದು ಸರಕಿಗೆ ಒಂದೊಂದು ನಿಯಮವಾಯಿತು. ಮನೆಯನ್ನು ಇಡಿಯಾಗಿ ನೋಡುವ ಸ್ಥಳೀಯ ಕಟ್ಟಳೆ ಈ ಸೀಮೆಯಲ್ಲಿ ಬೆಳೆಯಲಿಲ್ಲ. ಅದಕ್ಕೆ ಕಾರಣ ಹುಡುಕಲು ಗೋಡೆಯಿಂದಲೇ ಆರಂಭಿಸಬೇಕು. ಅದಕ್ಕೂ ಮುನ್ನ ಈ ಲೋಹದ ಗುಣದ ಬಗ್ಗೆ ಎರಡು ಮಾತು.

ಸೀಸ ದೇಹದ ಯಾವ ಕೆಲಸಕ್ಕೂ ಬೇಡ. ಹೊಟ್ಟೆಗೆ ಹೋದ ಸೀಸದಲ್ಲಿ ದೊಡ್ಡವರ ದೇಹ ಹತ್ತರಲ್ಲಿ ಒಂದು ಪಾಲನ್ನು ಹೀರಿಕೊಂಡರೆ ಎಳೆಯ ಮಕ್ಕಳ ದೇಹ ಹೆಚ್ಚುಕಡಿಮೆ ಅರ್ಧವನ್ನು ಹೀರಿಕೊಳ್ಳುತ್ತದೆ. ಮೈಯಲ್ಲಿ ಕಬ್ಬಿಣದಂಶ ಕಡಿಮೆಯಿದ್ದರೆ ಅದು ಇನ್ನೂ ಹೆಚ್ಚುತ್ತದೆ. ಕ್ಯಾಲ್ಸಿಯಂ ಇರಬೇಕಾದ ಜಾಗದಲ್ಲಿ ಸೇರಿಕೊಂಡು ಎಲುಬಿನಲ್ಲಿ ದಶಕಗಟ್ಟಲೆ ಉಳಿಯುವ ಸೀಸ, ಹೆಂಗಸು ಬಸುರಾದಾಗ ಸಡಿಲಗೊಂಡು ಹೊಟ್ಟೆಯಲ್ಲಿರುವ ಕೂಸನ್ನು ಮುಟ್ಟುತ್ತದೆ. ಹೊಟ್ಟೆನೋವು, ಮಲಬದ್ಧತೆ, ರಕ್ತಹೀನತೆ, ಮಂಕುತನ, ಓದಿನಲ್ಲಿ ಹಿಂದೆ ಬೀಳುವುದು ಇದರ ಲಕ್ಷಣಗಳು. ಹಳ್ಳಿಯಲ್ಲಿ ಇವಕ್ಕೆಲ್ಲ ಬೇರೆ ಕಾರಣಗಳು ಮೊದಲೇ ಸಿದ್ಧವಾಗಿರುತ್ತವೆ: ಜಂತಿನ ಕಾಟ, ಹಲ್ಲು ಬರುವ ಹೊತ್ತು, ದೃಷ್ಟಿ ತಾಗಿದ್ದು. ರಕ್ತ ಪರೀಕ್ಷಿಸದೆ ಸೀಸದ ಗುರುತು ಹತ್ತುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆ 2021ರ ಮಾರ್ಗಸೂಚಿಯಲ್ಲಿ ಒಂದು ಡೆಸಿಲೀಟರ್ ರಕ್ತಕ್ಕೆ 5 ಮೈಕ್ರೋಗ್ರಾಂ ಮುಟ್ಟಿದರೆ ಮೂಲ ಹುಡುಕಿ ಕ್ರಮ ಕೈಗೊಳ್ಳಬೇಕೆಂದು ಹೇಳಿದೆ. ಅದಕ್ಕಿಂತ ಕೆಳಗಿದ್ದರೆ ಅಪಾಯವಿಲ್ಲ ಎಂದು ಮಾತ್ರ ಎಲ್ಲಿಯೂ ಹೇಳಿಲ್ಲ.

ಜಿಲ್ಲೆಯ ಪೂರ್ವಕ್ಕಿರುವ ನವಲಗುಂದ, ಅಣ್ಣಿಗೇರಿ ಎರೆನೆಲದ ಊರುಗಳು. ಇಲ್ಲಿ ಮಳೆ ಕಡಿಮೆ, ಕಲ್ಲು ಕಟ್ಟಿಗೆಗಳೂ ಕಡಿಮೆ. ದಪ್ಪ ಮಣ್ಣಿನ ಗೋಡೆ, ಅದರ ಮೇಲೆ ತೊಲೆ ಜಂತಿ, ಜಂತಿಯ ಮೇಲೆ ಸವಳು ಮಣ್ಣು ಹಾಕಿ ಬಡಿದ ಮಾಳಿಗೆ, ಬೆಳಕಿಗೊಂದು ಬೆಳಕಿಂಡಿ. ಪಶ್ಚಿಮದ ಕಲಘಟಗಿ ಮಲೆನಾಡಿನ ಸೆರಗು. ಅಲ್ಲಿ ಮಳೆ ಜೋರು, ಹಂಚಿನ ಇಳಿಜಾರು ಮಾಡು, ಕಟ್ಟಿಗೆಯ ಬಳಕೆ ಧಾರಾಳ. ಎರಡೂ ಕಡೆ ಗೋಡೆಯ ಮೈಗೆ ಮಾತ್ರ ಒಂದೇ ಉಪಚಾರ. ಮಣ್ಣು ಸಗಣಿ ಸೇರಿಸಿ ಸಾರಿಸಿ, ಸುಣ್ಣ ಬಳಿದು, ಕೆಳಗೆ ಮೊಣಕಾಲೆತ್ತರ ಕೆಮ್ಮಣ್ಣಿನ ಪಟ್ಟಿ ಎಳೆದರೆ ಮುಗಿಯಿತು. ಹಬ್ಬಕ್ಕೋ ಮದುವೆಗೋ ಮನೆಯ ಹೆಂಗಸರೇ ಇದನ್ನು ಮಾಡಿ ಮುಗಿಸುತ್ತಿದ್ದರು. ಸುಣ್ಣಕ್ಕೆ ಚಿಟಿಕೆ ನೀಲಿ ಬೆರೆಸಿದರೆ ಗೋಡೆ ತಿಳಿನೀಲಿಯಾಗುತ್ತಿತ್ತು. ಇವು ಯಾವುವೂ ಸೀಸದ ಪದಾರ್ಥಗಳಲ್ಲ. ಸುಣ್ಣ ಪ್ರತಿವರ್ಷ ಉದುರುತ್ತದೆ, ಪ್ರತಿವರ್ಷ ಹೊಸದಾಗಿ ಹತ್ತುತ್ತದೆ, ಮಗು ಅದನ್ನು ಕೆರೆದು ನೆಕ್ಕಿದರೂ ಮೈಗೆ ಸೀಸ ಸೇರುವುದಿಲ್ಲ. ಬಡತನದ ಗುರುತೆಂದು ಆಮೇಲಿನವರು ಬಿಟ್ಟುಕೊಟ್ಟ ಆ ಗೋಡೆ ಈ ಒಂದು ವಿಷಯದಲ್ಲಿ ಸಿರಿವಂತರ ಬಂಗಲೆಯ ಗೋಡೆಗಿಂತ ಸುರಕ್ಷಿತವಾಗಿತ್ತು.

ಹಾಗೆಂದು ಹಳೆಯ ಕಾಲದವರಿಗೆ ಸೀಸದ ಬಣ್ಣಗಳು ಗೊತ್ತಿರಲಿಲ್ಲವೆಂದಲ್ಲ. ಕಲ್ಯಾಣ ಚಾಲುಕ್ಯರ ಮೂರನೆಯ ಸೋಮೇಶ್ವರನ 'ಮಾನಸೋಲ್ಲಾಸ' ಹನ್ನೆರಡನೆಯ ಶತಮಾನದ ಕೃತಿ. ಅದರ ಚಿತ್ರಕಲೆಯ ಭಾಗದಲ್ಲಿ ಶಂಖದ ಬಿಳಿ, ಅರಗಿನ ಕೆಂಪು, ಕಾವಿ, ಹರಿತಾಳ, ಕಾಡಿಗೆಯಂಥ ಬಣ್ಣಗಳ ವಿವರವಿದೆ. ಅದೇ ಚಾಲುಕ್ಯರ ಬೆಳ್ವೊಲ ನಾಡಿನ ದೊಡ್ಡ ಊರು ಅಣ್ಣಿಗೇರಿ. ಭಾರತದ ಚಿತ್ರಕಾರರು ಬಹುಕಾಲದಿಂದ ಬಳಸುತ್ತಿದ್ದ ಸಿಂಧೂರ ಎಂದರೆ ಸೀಸವನ್ನು ಸುಟ್ಟು ಪಡೆದ ಕೆಂಪು ಪುಡಿ. ಅದರ ತೂಕದಲ್ಲಿ ಹತ್ತಕ್ಕೆ ಒಂಬತ್ತು ಪಾಲು ಸೀಸವೇ. ಹನುಮಪ್ಪನ ಗುಡಿಯ ಮೂರ್ತಿಗೆ ಎಣ್ಣೆಯಲ್ಲಿ ಕಲಸಿ ಬಳಿಯುತ್ತಿದ್ದ ಕೇಸರಿಗೆಂಪೂ ಬಹುಪಾಲು ಇದೇ. ಮನೆಯ ಕುಂಕುಮದ ಬಗೆ ಬೇರೆ. ಅರಿಷಿಣಕ್ಕೆ ಸುಣ್ಣದಂಥ ಕ್ಷಾರ ಸೇರಿಸಿ ಅದನ್ನು ಮಾಡುತ್ತಿದ್ದರು. ಕೂಸಿನ ಕಣ್ಣಿಗೆ ಹಚ್ಚುವ ಕಾಡಿಗೆಯನ್ನು ಔಡಲೆಣ್ಣೆಯ ದೀಪದ ಮಸಿಯಿಂದ ತಯಾರಿಸುತ್ತಿದ್ದರು. ಪೇಟೆಯ ಸುರಮಾ ಹಾಗಲ್ಲ. ಅದರಲ್ಲಿ ಸೀಸದ ಅದಿರನ್ನೇ ಅರೆದು ಹಾಕುವ ರೂಢಿ ಇತ್ತು. ಸೌಂದರ್ಯವರ್ಧಕಗಳ ಬಣ್ಣಕ್ಕೆ ಸೀಸದ ಸಂಯುಕ್ತ ಬಳಸಬಾರದೆಂಬ ನಿಷೇಧ ಔಷಧ ಮತ್ತು ಸೌಂದರ್ಯವರ್ಧಕ ಕಾನೂನಿನಡಿ ಮುಂದೆ ಬಂತು. ಗುಡಿಯ ಮೂರ್ತಿಗೆ ಬಳಿಯುವ ಬಣ್ಣ ಅದರ ವ್ಯಾಪ್ತಿಗೆ ಬರುವುದಿಲ್ಲ.

ಹಳ್ಳಿಮನೆಯೊಳಕ್ಕೆ ಸರ್ಕಾರ ಮೊದಲು ಕೈಯಿಟ್ಟದ್ದು ಸುಣ್ಣದ ಬಕೆಟ್ಟು ಹಿಡಿದುಕೊಂಡು. ಆಗ ಧಾರವಾಡ ಮುಂಬಯಿ ಪ್ರಾಂತ್ಯದ ಜಿಲ್ಲೆ. 1889ರಲ್ಲಿ ಮುಂಬಯಿ ಸರ್ಕಾರ ಗ್ರಾಮ ನೈರ್ಮಲ್ಯ ಕಾಯ್ದೆ ತಂದಿತು. ಕುಡಿಯುವ ನೀರಿನ ಮೂಲ ಕೆಡದಂತೆ ಕಾಯುವುದು, ತಿಪ್ಪೆ ಕೊಳಚೆಗಳನ್ನು ತೆಗೆಸುವುದು ಅದರ ಉದ್ದೇಶ. 1897ರಲ್ಲಿ ಸಾಂಕ್ರಾಮಿಕ ರೋಗಗಳ ಕಾಯ್ದೆ ಬಂತು, ಮರುವರ್ಷ ಪ್ಲೇಗು ಹುಬ್ಬಳ್ಳಿಯನ್ನು ಬಡಿಯಿತು. ಜನ ಊರು ಬಿಟ್ಟು ಹೊಲದಲ್ಲಿ ಗುಡಿಸಲು ಹಾಕಿಕೊಂಡರು. ಮುಂಬಯಿ ಪ್ರಾಂತ್ಯದಲ್ಲೆಲ್ಲ ರೋಗ ಬಂದ ಮನೆಯನ್ನು ತೆರವು ಮಾಡಿಸಿ, ಬೆಳಕು ಬೀಳಲೆಂದು ಮಾಡಿನ ಹಂಚು ತೆಗೆಸಿ, ಗೋಡೆಗೆ ಸುಣ್ಣ ಬಳಿಸುವ ಕ್ರಮ ಜಾರಿಯಲ್ಲಿತ್ತು. ಮನೆಯ ಗೋಡೆಗೆ ಏನು ಹಚ್ಚಬೇಕೆಂದು ಅಧಿಕಾರಿ ಹೇಳುವ ಪದ್ಧತಿ ಹೀಗೆ ಶುರುವಾಯಿತು. ಸೀಸದ ಯೋಚನೆ ಯಾರಿಗೂ ಇರಲಿಲ್ಲವಾದರೂ ಅವರು ಹೇಳಿದ ಪದಾರ್ಥ ನಿರುಪದ್ರವಿಯಾಗಿತ್ತು.

ಈ ಕಾನೂನುಗಳು ಜಿಲ್ಲೆಯ ಇಂದಿನ ಗಡಿಗಳೊಳಗೆ ಎಲ್ಲ ಕಡೆ ಒಂದೇ ರೀತಿ ಅನ್ವಯವಾಗುತ್ತಿರಲಿಲ್ಲ ಎಂಬುದನ್ನು ಮರೆಯಬಾರದು. ನವಲಗುಂದ, ಅಣ್ಣಿಗೇರಿ, ಕಲಘಟಗಿ ಬ್ರಿಟಿಷರ ಆಡಳಿತದಲ್ಲಿದ್ದರೆ ಕುಂದಗೋಳ ಜಮಖಂಡಿ ಸಂಸ್ಥಾನಕ್ಕೆ ಸೇರಿತ್ತು. ಸವಾಯಿ ಗಂಧರ್ವರ ಊರಾದ ಕುಂದಗೋಳ ಪಟವರ್ಧನ ಮನೆತನದ ಆಳ್ವಿಕೆಯಿಂದ ಬಿಡುಗಡೆಯಾಗಿ ಮುಂಬಯಿ ಪ್ರಾಂತ್ಯ ಸೇರಿದ್ದು 1948ರಲ್ಲಿ. ಅಲ್ಲಿಯವರೆಗೆ ಮುಂಬಯಿಯ ಕಾಯ್ದೆ ಕುಂದಗೋಳದಲ್ಲಿ ತಾನೇ ತಾನಾಗಿ ನಡೆಯುವಂತಿರಲಿಲ್ಲ. 1920 ಮತ್ತು 1933ರ ಮುಂಬಯಿ ಗ್ರಾಮ ಪಂಚಾಯತಿ ಕಾಯ್ದೆಗಳ ಮಾತೂ ಅಷ್ಟೇ.

ಎಣ್ಣೆಬಣ್ಣವನ್ನು ಈ ಸೀಮೆಗೆ ತಂದದ್ದು ಸರ್ಕಾರಿ ಕಟ್ಟಡಗಳು ಮತ್ತು ರೈಲು. ಸದರ್ನ್ ಮರಾಠಾ ರೈಲ್ವೆ 1880ರ ದಶಕದಲ್ಲಿ ಹಳಿ ಹಾಕಿತು. ಗದಗ–ಹುಬ್ಬಳ್ಳಿ ಮಾರ್ಗದಲ್ಲಿ ಅಣ್ಣಿಗೇರಿ, ಹುಬ್ಬಳ್ಳಿ–ಹರಿಹರ ಮಾರ್ಗದಲ್ಲಿ ಕುಂದಗೋಳ ನಿಲ್ದಾಣಗಳಾದವು. ಆ ಕಾಲದ ಬ್ರಿಟಿಷ್ ಎಂಜಿನಿಯರಿಂಗ್ ಕೈಪಿಡಿಗಳ ಪ್ರಕಾರ ಕಟ್ಟಿಗೆಗೆ ಸಫೇದವನ್ನು, ಅಂದರೆ ಬಿಳಿ ಸೀಸವನ್ನು, ಅಗಸೆ ಎಣ್ಣೆಯಲ್ಲಿ ಕಲಸಿ ಹಚ್ಚಬೇಕು, ಕಬ್ಬಿಣಕ್ಕೆ ಮೊದಲ ಕೈ ಕೆಂಪು ಸೀಸದ್ದಾಗಿರಬೇಕು. ಆ ಸಫೇದದಲ್ಲಿ ನೂರಕ್ಕೆ ಎಂಬತ್ತು ಪಾಲು ಸೀಸ. ಎಣ್ಣೆ ಬೇಗ ಒಣಗುತ್ತಿತ್ತು, ಮಳೆಗೆ ತಡೆಯುತ್ತಿತ್ತು, ಕಟ್ಟಿಗೆಗೆ ಹುಳ ಹತ್ತುತ್ತಿರಲಿಲ್ಲ. ಪ್ರವಾಸಿ ಬಂಗಲೆ, ಕಚೇರಿ, ಶಾಲೆಗಳ ಕದ ನೋಡಿದ ಊರ ದೇಸಾಯಿಯೂ ಸಾಹುಕಾರನೂ ತಮ್ಮ ವಾಡೆಗೆ ಅದನ್ನೇ ಹಚ್ಚಿಸಿದರು. ಭಾರತದ್ದೇ ದೊಡ್ಡ ಬಣ್ಣದ ಕಾರ್ಖಾನೆ 1902ರಲ್ಲಿ ಹೌರಾದಲ್ಲಿ ಶುರುವಾಯಿತು.

ಅದೇ ಹೊತ್ತಿಗೆ ಈ ಬಣ್ಣದ ಮೇಲಿನ ದೂರು ಜಗತ್ತಿನ ಇನ್ನೊಂದು ಮೂಲೆಯಲ್ಲಿ ದಾಖಲಾಗುತ್ತಿತ್ತು. ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡಿನಲ್ಲಿ ಮಕ್ಕಳ ಕೈಕಾಲು ಸ್ವಾಧೀನ ತಪ್ಪುತ್ತಿದ್ದುದನ್ನು ವೈದ್ಯರು 1892ರಲ್ಲೇ ಸೀಸದ ವಿಷವೆಂದು ಗುರುತಿಸಿದ್ದರು. ವಿಷದ ಮೂಲ ಜಗುಲಿಯ ಕಟಾಂಜನಕ್ಕೆ ಬಳಿದ ಬಣ್ಣ ಎಂದು ಲಾಕ್‌ಹಾರ್ಟ್ ಗಿಬ್ಸನ್ ಎಂಬ ಕಣ್ಣಿನ ವೈದ್ಯ 1904ರಲ್ಲಿ ತೋರಿಸಿಕೊಟ್ಟ. ಬಿಸಿಲಿಗೆ ಪುಡಿಯಾದ ಬಣ್ಣ ಮಕ್ಕಳ ಬೆರಳಿಗೆ ಹತ್ತುತ್ತಿತ್ತು, ಬೆರಳು ಬಾಯಿಗೆ ಹೋಗುತ್ತಿತ್ತು. 1922ರಲ್ಲಿ ಅಲ್ಲಿನ ಸರ್ಕಾರ ಮಕ್ಕಳ ಕೈಗೆ ಎಟುಕುವ ಕಡೆ ಸೀಸದ ಬಣ್ಣ ಹಚ್ಚುವುದನ್ನು ನಿಷೇಧಿಸಿತು. ಕಟ್ಟಡದೊಳಗೆ ಸಫೇದ ಬಳಸುವುದನ್ನು ಮಿತಗೊಳಿಸುವ ಒಪ್ಪಂದವನ್ನು ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ 1921ರಲ್ಲಿ ಅಂಗೀಕರಿಸಿತ್ತು. ಬಿಸಿಲಿನ ವಿಷಯದಲ್ಲಿ ನವಲಗುಂದಕ್ಕೂ ಬ್ರಿಸ್ಬೇನಿಗೂ ಹೇಳಿಕೊಳ್ಳುವಂಥ ವ್ಯತ್ಯಾಸವಿಲ್ಲ. ಕಟ್ಟೆಯ ಮೇಲೆ ಆಡುವ ಮಕ್ಕಳೂ ಎರಡೂ ಕಡೆ ಇದ್ದರು.

ಭಾರತದಲ್ಲಿ ಆ ಚರ್ಚೆಯ ಫಲ ಕಾರ್ಖಾನೆಯ ಗೇಟಿನೊಳಗೇ ನಿಂತಿತು. ಸೀಸದ ಕೆಲವು ಕೆಲಸಗಳಿಗೆ ಹೆಂಗಸರನ್ನೂ ಎಳೆಯರನ್ನೂ ಹಚ್ಚಬಾರದೆಂದು 1922ರ ಫ್ಯಾಕ್ಟರಿ ತಿದ್ದುಪಡಿ ಹೇಳಿತು. 1923ರ ಕಾರ್ಮಿಕರ ಪರಿಹಾರ ಕಾಯ್ದೆ ಸೀಸದ ವಿಷವನ್ನು ಕಸುಬಿನ ರೋಗವೆಂದು ಒಪ್ಪಿಕೊಂಡಿತು. 1948ರ ಫ್ಯಾಕ್ಟರಿ ಕಾಯ್ದೆಯಲ್ಲಿ, ಸರ್ಕಾರಕ್ಕೆ ತಿಳಿಸಲೇಬೇಕಾದ ರೋಗಗಳ ಪಟ್ಟಿ ಆರಂಭವಾಗುತ್ತಿದ್ದುದೇ ಸೀಸದ ವಿಷದಿಂದ. ಅದೇ ಕಾಯ್ದೆಯ ಇನ್ನೊಂದು ಕಲಮು ಕಾರ್ಖಾನೆಯ ಗೋಡೆಗೆ 14 ತಿಂಗಳಿಗೊಮ್ಮೆ ಸುಣ್ಣ ಬಳಿಯಬೇಕು, ಎಣ್ಣೆಬಣ್ಣವಾದರೆ 5 ವರ್ಷಕ್ಕೊಮ್ಮೆ ಹಚ್ಚಿದರೆ ಸಾಕು ಎನ್ನುತ್ತಿತ್ತು. ಖರ್ಚಿನ ಲೆಕ್ಕ ಹಾಕುವ ಜಿನ್ನಿಂಗ್ ಕಾರ್ಖಾನೆಯ ಮಾಲೀಕನಿಗೆ ಎಣ್ಣೆಬಣ್ಣದ ಕಡೆ ಒಲವು ಹುಟ್ಟಿಸುವ ಮಾತಿದು. ಕಾರ್ಖಾನೆಯಲ್ಲಿ ಬಣ್ಣ ತಯಾರಿಸುವ ಕೂಲಿಗೆ ಇಷ್ಟಾದರೂ ಕಾವಲು ಸಿಕ್ಕಿತು. ಆ ಬಣ್ಣ ಹಚ್ಚಿದ ಮನೆಯಲ್ಲಿ ತೆವಳುವ ಕೂಸಿಗೆ ಯಾವ ಕಾವಲೂ ಇರಲಿಲ್ಲ.

ಸ್ವಾತಂತ್ರ್ಯಾನಂತರ ಡಬ್ಬಿಯ ಬಣ್ಣ ತಾಲ್ಲೂಕು ಪೇಟೆಗಳಿಗೆ ಬಂತು. ಹಳ್ಳಿಯವರು ಅದನ್ನು ಆಯಿಲ್ ಪೇಂಟ್ ಎಂದೇ ಕರೆದರು. ಕದಕ್ಕೆ ಹಸಿರು, ಚೌಕಟ್ಟಿಗೆ ಹಳದಿ, ಸರಳಿಗೆ ನೀಲಿಯೋ ಕೆಂಪೋ ಎಂಬ ರೂಢಿ ಬೆಳೆಯಿತು. ಕಣ್ಣಿಗೆ ಹೊಡೆಯುವ ಆ ಹಳದಿಯ ಮೂಲ ಸೀಸದ ಕ್ರೋಮೇಟು. ಅದಕ್ಕೆ ಪ್ರಷ್ಯನ್ ನೀಲಿ ಬೆರೆಸಿದರೆ ಹಸಿರು. ಬಣ್ಣ ಬೇಗ ಒಣಗಲೆಂದು ಎನಾಮೆಲಿಗೆ ಬೆರೆಸುವ ರಸದಲ್ಲೂ ಸೀಸವಿರುತ್ತಿತ್ತು. ಹೀಗಾಗಿ ಬಿಳಿ ಬಣ್ಣದಲ್ಲಿ ಸಫೇದದ ಜಾಗಕ್ಕೆ ಟೈಟಾನಿಯಂ ಬಂದ ಮೇಲೂ ಹಳದಿ, ಹಸಿರು, ಕೇಸರಿ ಡಬ್ಬಿಗಳು ಹಾಗೆಯೇ ಉಳಿದವು.

ಹೊಸ್ತಿಲಿನ ಕಥೆ ಇದಕ್ಕೊಂದು ಒಳ್ಳೆಯ ನಿದರ್ಶನ. ಹೊಸ್ತಿಲು ತೊಳೆದು ಅರಿಷಿಣ ಸವರಿ, ಮೇಲೆ ಕುಂಕುಮದ ಬೊಟ್ಟು ಇಡುವುದು ಪದ್ಧತಿ. ದಿನವೂ ಇಟ್ಟರೂ ದಿನವೂ ಅಳಿಸಿಹೋಗುತ್ತದೆ. ಎನಾಮೆಲು ಬಂದ ಮೇಲೆ ಅನೇಕ ಮನೆಗಳಲ್ಲಿ ಹೊಸ್ತಿಲಿಗೆ ಅರಿಷಿಣದ ಬದಲು ಹಳದಿ ಬಣ್ಣ ಬಳಿದು, ಅದರ ಮೇಲೆ ಕೆಂಪು ಬಣ್ಣದಲ್ಲೇ ಬೊಟ್ಟು, ಎಳೆ, ಹೂವು ಬರೆಸಿದರು. ಕೆಲಸ ಉಳಿಯಿತು, ಹೊಸ್ತಿಲು ಸದಾ ಲಕ್ಷಣವಾಗಿ ಕಂಡಿತು. ಆದರೆ ಮನೆಯಲ್ಲಿ ಅತಿ ಹೆಚ್ಚು ತುಳಿತಕ್ಕೆ ಸಿಕ್ಕುವ ಕಟ್ಟಿಗೆಯೆಂದರೆ ಹೊಸ್ತಿಲೇ. ಬಣ್ಣ ಅಲ್ಲಿ ಎಲ್ಲಕ್ಕಿಂತ ಬೇಗ ಸವೆದು ಪುಡಿಯಾಗುತ್ತದೆ. ತೆವಳುವ ಕೂಸು ಎರಡೂ ಅಂಗೈ ಊರಿ ದಾಟುವುದು ಅದನ್ನೇ. ಕದದ ಬಣ್ಣ ಉದುರುವುದು ತಿಕ್ಕಾಟದಿಂದ. ತಿರುಗಣಿಯ ಹತ್ತಿರ, ಚಿಲಕದ ಸುತ್ತ, ಕದ ಚೌಕಟ್ಟಿಗೆ ಬಡಿಯುವ ಅಂಚಿನಲ್ಲಿ ಸಣ್ಣ ಪುಡಿ ದಿನವೂ ಬೀಳುತ್ತದೆ. ಸೀಸದ ಅಪಾಯ ಎಂದಕೂಡಲೇ ಜನ ಬಣ್ಣದ ಚಕ್ಕೆ ತಿನ್ನುವ ಮಗುವನ್ನು ನೆನೆಯುತ್ತಾರೆ. ನಿಜದಲ್ಲಿ ಹೆಚ್ಚಿನ ಸೀಸ ಹೊಟ್ಟೆಗೆ ಹೋಗುವುದು ಕಣ್ಣಿಗೆ ಕಾಣದ ಈ ಧೂಳಿನಿಂದ.

ಕಾರಹುಣ್ಣಿಮೆಗೆ ಎತ್ತಿನ ಕೋಡಿಗೆ ಬಣ್ಣ ಹಚ್ಚುವುದು ಈ ಸೀಮೆಯ ದೊಡ್ಡ ಸಂಭ್ರಮ. ಅಲ್ಲಿಯೂ ಕೆಮ್ಮಣ್ಣಿನ ಜಾಗಕ್ಕೆ ಎನಾಮೆಲು ಬಂತು. ಉತ್ತರ ಕರ್ನಾಟಕದ ಹಳೆಯ ಮನೆಗಳಲ್ಲಿ ದನದ ಕೊಟ್ಟಿಗೆ ಮನೆಯೊಳಗೇ ಇರುತ್ತದೆ, ತಲೆಬಾಗಿಲು ದಾಟಿದರೆ ಮೊದಲು ಕಾಣುವುದೇ ಗೋದಲಿ. ದನಕರುಗಳಿಗೆ ನೆಕ್ಕುವ ಚಾಳಿ. ಬಣ್ಣದ ಡಬ್ಬಿ, ಒಡೆದ ಬ್ಯಾಟರಿಯ ತಗಡು ನೆಕ್ಕಿ ದನ ಸಾಯುವುದು ಪಶುವೈದ್ಯರಿಗೆ ಎಲ್ಲ ದೇಶಗಳಲ್ಲೂ ಗೊತ್ತಿರುವ ಸಂಗತಿ.

ಕಲಘಟಗಿಯ ತೊಟ್ಟಿಲನ್ನು ಇಲ್ಲಿ ಬೇರೆಯಾಗಿಯೇ ನೋಡಬೇಕು. ತೇಗದ ಕಟ್ಟಿಗೆಯನ್ನು ಕಡೆದು, ಅರಗು ಬೆರೆತ ಬಣ್ಣದಲ್ಲಿ ಕೃಷ್ಣನ ಬಾಲಲೀಲೆ, ರಾಮಾಯಣದ ಪ್ರಸಂಗಗಳನ್ನು ಬರೆದು ಮಾಡುವ ಈ ತೊಟ್ಟಿಲಿಗೆ ನಾಡಿನುದ್ದಕ್ಕೂ ಹೆಸರಿದೆ. ಚೊಚ್ಚಲ ಮಗುವಿಗೆ ತವರಿನಿಂದ ತೊಟ್ಟಿಲು ಬರಬೇಕು, ಅದು ಕಲಘಟಗಿಯದಾದರೆ ತವರಿಗೂ ಮರ್ಯಾದೆ. ಒಮ್ಮೆ ಮಾಡಿಸಿದ ತೊಟ್ಟಿಲು ಮೂರು ನಾಲ್ಕು ತಲೆಮಾರು ತೂಗುತ್ತದೆ. ನಟ ಅಂಬರೀಷ್ ತಮ್ಮ ಕೊನೆಯ ದಿನಗಳಲ್ಲಿ ನಟ ಯಶ್ ಅವರ ಮಗುವಿಗೆಂದು ಇಂಥದೊಂದನ್ನು ಮಾಡಲು ಹೇಳಿದ್ದರೆಂಬ ಸುದ್ದಿ ಹೊರಬಿದ್ದಾಗ ಬೆಂಗಳೂರಿನವರೂ ಕಲಘಟಗಿಯ ದಾರಿ ಕೇಳತೊಡಗಿದರು. ಹಲ್ಲು ಬರುವ ಮಗು ತೊಟ್ಟಿಲ ಅಂಚನ್ನು ಕಚ್ಚುತ್ತದೆ, ನೆಕ್ಕುತ್ತದೆ. ಹಾಗಾಗಿ ಯಾವ ಮನೆಯಲ್ಲೇ ಆಗಲಿ, ತೊಟ್ಟಿಲ ಬಣ್ಣ ಎಲ್ಲ ಬಣ್ಣಗಳಿಗಿಂತ ಮಗುವಿನ ಬಾಯಿಗೆ ಹತ್ತಿರ.

ಈ ಕಸುಬಿನ ಹೆಮ್ಮೆಯೇ ಅದರ ನೈಸರ್ಗಿಕ ಬಣ್ಣ. ಅರಗು ಮರದ ಹುಳು ಕೊಡುವ ಪದಾರ್ಥ, ಅದರಲ್ಲಿ ಸೀಸದ ಸುಳಿವಿಲ್ಲ. ಕಟ್ಟಿಗೆಗೆ ಗಟ್ಟಿಯಾಗಿ ಅಂಟಿಕೊಂಡು ಪುಡಿ ಉದುರದಂತೆಯೂ ಅದು ತಡೆಯುತ್ತದೆ. ಪ್ರಶ್ನೆ ಇರುವುದು ಅರಗಿಗೆ ಬೆರೆಸುವ ಪುಡಿಯದು. ಗಿಡದ ರಸವೋ ಕಾವಿಯೋ ಆದರೆ ನಿಶ್ಚಿಂತೆ. ಆದರೆ ಭೂಮಿಯಿಂದ ಬಂದದ್ದೆಲ್ಲ ನಿರಪಾಯವೆಂಬ ನಂಬಿಕೆ ಬಣ್ಣದ ವಿಷಯದಲ್ಲಿ ನಿಲ್ಲುವುದಿಲ್ಲ. ಹರಿತಾಳ ಪಾಷಾಣದ ಖನಿಜ, ಸಿಂಧೂರ ಸೀಸದ್ದು. ಇಲ್ಲಿ ಕಾನೂನಿನ ಸೀಮಾರೇಖೆಯೂ ವಿಚಿತ್ರವಾಗಿದೆ. 2021ರ ಜನವರಿ 1ರಿಂದ ಜಾರಿಯಾದ ಆಟಿಕೆಗಳ ಗುಣಮಟ್ಟ ನಿಯಂತ್ರಣ ಆದೇಶ, 14 ವರ್ಷದೊಳಗಿನವರು ಆಡುವ ಸಾಮಾನಿಗೆ ಐಎಸ್‌ಐ ಗುರುತನ್ನು ಕಡ್ಡಾಯ ಮಾಡಿ ಸೀಸ ಎಷ್ಟು ಬಿಡಬಹುದೆಂದು ಮಿತಿ ಹಾಕಿತು. ಕರಕುಶಲ ಇಲಾಖೆಯಲ್ಲಿ ನೋಂದಾಯಿತರಾದ ಕುಶಲಕರ್ಮಿಗಳಿಗೆ ಅದರಿಂದ ವಿನಾಯಿತಿ ಸಿಕ್ಕಿತು. ಸಣ್ಣ ಕಸುಬಿನವರು ಪ್ರಯೋಗಾಲಯದ ವೆಚ್ಚ ತಾಳಲಾರರು ಎಂಬುದು ನ್ಯಾಯವಾದ ಕಾರಣವೇ. ತೊಟ್ಟಿಲಂತೂ ಆಟಿಕೆಯೇ ಅಲ್ಲವಾದ್ದರಿಂದ ಆದೇಶದ ಅಳತೆಗೆ ಮೊದಲೇ ಸಿಕ್ಕುವುದಿಲ್ಲ. ಕುಶಲಕರ್ಮಿ ಪೇಟೆಯಿಂದ ಕೊಳ್ಳುವ ಬಣ್ಣಕ್ಕೆ ಅನ್ವಯಿಸುವ ನಿಯಮವೊಂದೇ ಅದಕ್ಕಿರುವ ರಕ್ಷಣೆ.

ಅಡುಗೆಮನೆಯಲ್ಲಿ ಸೀಸದ ಚರಿತ್ರೆ ಎಂದರೆ ಕಲಾಯಿಯ ಚರಿತ್ರೆ. ತಾಮ್ರ ಹಿತ್ತಾಳೆಯ ಪಾತ್ರೆಯಲ್ಲಿ ಹುಳಿ, ಮಜ್ಜಿಗೆ ಇಟ್ಟರೆ ಕಿಲುಬು ಹಿಡಿಯುತ್ತದೆ. ಅದಕ್ಕೆ ಒಳಮೈಗೆ ತವರದ ಲೇಪ ಬೇಕು. ವರ್ಷಕ್ಕೊಂದೆರಡು ಸಲ ಕಲಾಯಿಯವನು ಊರಿಗೆ ಬಂದು, ಗುಡಿಯ ಮುಂದೋ ಆಲದ ಕೆಳಗೋ ಕುಣಿ ತೋಡಿ ಇದ್ದಲು ಹಾಕಿ ತಿದಿ ಒತ್ತುತ್ತಿದ್ದ. ಪಾತ್ರೆ ಕಾದ ಮೇಲೆ ನವಸಾಗರದ ಪುಡಿ ಉದುರಿಸಿದರೆ ಬಿಳಿ ಹೊಗೆ ಏಳುತ್ತದೆ. ಆ ಕ್ಷಣಕ್ಕೆ ತವರದ ಕಡ್ಡಿ ಮುಟ್ಟಿಸಿ ಅರಳೆಯಿಂದ ಉಜ್ಜಿದರೆ ಒಳಮೈ ಬೆಳ್ಳಿಯಂತೆ ಹೊಳೆಯುತ್ತದೆ. ತವರ ದುಬಾರಿ ಲೋಹ, ಸೀಸ ಅಗ್ಗ. ತವರ 232 ಡಿಗ್ರಿಗೆ ಕರಗುತ್ತದೆ, ಸೀಸ 327ಕ್ಕೆ. ಎರಡನ್ನೂ ತಕ್ಕ ಪ್ರಮಾಣದಲ್ಲಿ ಬೆರೆಸಿದರೆ 190ರ ಆಸುಪಾಸಿನಲ್ಲೇ ಕರಗಿ ಸಲೀಸಾಗಿ ಹರಡುತ್ತದೆ. ಇದ್ದಲೂ ಉಳಿತಾಯ, ತವರವೂ ಉಳಿತಾಯ. ಬೆರಕೆಯ ಆಸೆ ಹುಟ್ಟಲು ಇನ್ನೇನು ಬೇಕು? ಹೊಸ ಕಲಾಯಿಯ ಹೊಳಪು ನೋಡಿ ಅಸಲಿ ಯಾವುದು ಬೆರಕೆ ಯಾವುದು ಎಂದು ಮನೆಯವರು ಹೇಳುವಂತಿರಲಿಲ್ಲ. ಹುಳಿಸಾರು ಕುದಿದಾಗ ಸೀಸ ಸಾರಿಗಿಳಿಯುತ್ತಿತ್ತು.

ಕಾನೂನು ಈ ಕಸುಬನ್ನು ಪಾತ್ರೆಯ ಕಡೆಯಿಂದ ಹಿಡಿಯಲು ನೋಡಿತು. 1925ರ ಮುಂಬಯಿ ಕಲಬೆರಕೆ ತಡೆ ಕಾಯ್ದೆಯ ಜಾಗಕ್ಕೆ ಕೇಂದ್ರದ ಆಹಾರ ಕಲಬೆರಕೆ ತಡೆ ಕಾಯ್ದೆ 1954ರಲ್ಲಿ ಬಂತು. ಸರಿಯಾಗಿ ಕಲಾಯಿ ಇಲ್ಲದ ತಾಮ್ರ ಹಿತ್ತಾಳೆ ಪಾತ್ರೆಯಲ್ಲಿ ಮಾಡಿದ ಆಹಾರ ತಿನ್ನಲು ಯೋಗ್ಯವಲ್ಲ ಎಂದು ಅದರ ನಿಯಮಗಳು ಸಾರಿದವು. ಅರಿಷಿಣದ ಪುಡಿಯಲ್ಲಿ ಸೀಸದ ಕ್ರೋಮೇಟು ಇರಲೇಕೂಡದೆಂದೂ ನಿಯಮವಾಯಿತು. ಅರಿಷಿಣ ಕೊಂಬಿನ ಮೈಗೆ ಹೊಳಪು ಕೊಡಲು ಅದೇ ಕದದ ಹಳದಿಯನ್ನು ಬಳಸುವ ವ್ಯಾಪಾರಿಗಳಿದ್ದರು. 2011ರಲ್ಲಿ ಆಹಾರ ಸುರಕ್ಷತಾ ಕಾನೂನಿನಡಿ ಬಂದ ನಿಯಮಗಳಲ್ಲೂ ಇವೆಲ್ಲ ಮುಂದುವರಿದವು. ಆದರೆ ಆಹಾರ ನಿರೀಕ್ಷಕ ಹೋಗುವುದು ಖಾನಾವಳಿಗೆ, ಅಂಗಡಿಗೆ. ಮನೆಯ ಪಾತೇಲಿಯನ್ನು ತೆಗೆದು ನೋಡುವ ಅಧಿಕಾರಿ ಇಲ್ಲ, ಕಲಾಯಿಯವನಿಗೆ ಲೈಸೆನ್ಸೂ ಇರಲಿಲ್ಲ. ಕೊನೆಗೆ ಕಲಾಯಿಯನ್ನು ನಿಲ್ಲಿಸಿದ್ದು ಸ್ಟೀಲ್ ಪಾತ್ರೆ. ಕಾನೂನಿಗೆ ಅದರಲ್ಲಿ ಪಾಲಿಲ್ಲ.

ಊರಿನ ಮಟ್ಟದ ಅಧಿಕಾರ ಏನಿತ್ತು? ರಾಜ್ಯ ಪುನರ್ವಿಂಗಡಣೆಯ ನಂತರ 1959ರ ಮೈಸೂರು ಗ್ರಾಮ ಪಂಚಾಯತಿ ಕಾಯ್ದೆ, 1983ರ ಜಿಲ್ಲಾ ಪರಿಷತ್ ಕಾಯ್ದೆ, 1993ರ ಪಂಚಾಯತ್ ರಾಜ್ ಕಾಯ್ದೆ ಒಂದರ ಹಿಂದೊಂದು ಬಂದವು. ಕುಡಿಯುವ ನೀರು, ನೈರ್ಮಲ್ಯ, ಕಟ್ಟಡದ ಪರವಾನಗಿ, ಊರಿಗೆ ಉಪದ್ರವ ಕೊಡುವ ಕಸುಬುಗಳ ನಿಯಂತ್ರಣ ಇವೆಲ್ಲ ಗ್ರಾಮ ಪಂಚಾಯಿತಿಯ ಕೈಗೆ ಬಂದವು. ನವಲಗುಂದ, ಅಣ್ಣಿಗೇರಿಗಳ ಪುರಸಭೆ, ಕುಂದಗೋಳ, ಕಲಘಟಗಿಗಳ ಪಟ್ಟಣ ಪಂಚಾಯಿತಿ ನಡೆಯುವುದು 1964ರ ಪೌರಸಭೆಗಳ ಕಾಯ್ದೆಯಂತೆ, ಅಲ್ಲಿಯೂ ಹೊಣೆಗಳು ಇದೇ ಬಗೆಯವು. ಬ್ಯಾಟರಿ ಒಡೆದು ಸೀಸ ಕರಗಿಸುವ ಭಟ್ಟಿಯನ್ನು ಊರೊಳಗೆ ಬೇಡವೆನ್ನಲು ಈ ಅಧಿಕಾರ ಸಾಕು. ಯಾರ ಮನೆಯ ಕದದಲ್ಲಿ ಸೀಸವಿದೆ ಎಂದು ನೋಡಲು ಬೇಕಾದ ಉಪಕರಣವಾಗಲಿ, ಪರೀಕ್ಷಿಸುವ ಸಿಬ್ಬಂದಿಯಾಗಲಿ ಅದರ ಜೊತೆ ಬರಲಿಲ್ಲ.

ಅಮೆರಿಕದಲ್ಲಿ ನಡೆದದ್ದು ಇದಕ್ಕೆ ತಿರುವುಮುರುವು. ಬಾಲ್ಟಿಮೋರ್ ನಗರದ ಆರೋಗ್ಯ ಇಲಾಖೆ 1935ರಲ್ಲೇ ಉಚಿತವಾಗಿ ರಕ್ತದ ಸೀಸ ಪರೀಕ್ಷಿಸತೊಡಗಿತು. 1951ರಲ್ಲಿ ಮನೆಯೊಳಗೆ ಸೀಸದ ಬಣ್ಣ ಹಚ್ಚುವುದನ್ನು ಆ ನಗರವೇ ನಿಷೇಧಿಸಿತು, 1960ರಲ್ಲಿ ನ್ಯೂಯಾರ್ಕ್ ಅದನ್ನು ಹಿಂಬಾಲಿಸಿತು. ಇಡೀ ದೇಶಕ್ಕೆ ಅನ್ವಯಿಸುವ ನಿಷೇಧ ಬಂದದ್ದು 1978ರಲ್ಲಿ. ರಕ್ತ ಪರೀಕ್ಷೆ ಮೊದಲು, ಅದರ ಹಿಂದೆ ಊರಿನ ಕಟ್ಟಳೆ, ಕೊನೆಗೆ ದೇಶದ ಕಾನೂನು ಎಂಬ ಕ್ರಮ ಅದು.

ಕರ್ನಾಟಕದಲ್ಲಿ ರಕ್ತದ ಲೆಕ್ಕ ಸಿಕ್ಕಿದ್ದು ತೀರ ಈಚೆಗೆ, ಅದೂ ಬೆಂಗಳೂರಿನಿಂದ. ಜಾರ್ಜ್ ಫೌಂಡೇಶನ್ ಎಂಬ ಸಂಸ್ಥೆ 1990ರ ದಶಕದ ಕೊನೆಯಲ್ಲಿ ಬೆಂಗಳೂರೂ ಸೇರಿ ಏಳು ನಗರಗಳಲ್ಲಿ ರಕ್ತ ಪರೀಕ್ಷೆ ನಡೆಸಿತು. ಪರೀಕ್ಷಿಸಿದ ಮಕ್ಕಳಲ್ಲಿ ಅರ್ಧಕ್ಕಿಂತ ಹೆಚ್ಚು ಜನರ ರಕ್ತದಲ್ಲಿ ಸೀಸ ಡೆಸಿಲೀಟರಿಗೆ 10 ಮೈಕ್ರೋಗ್ರಾಂ ದಾಟಿತ್ತು. 1999ರ ಫೆಬ್ರುವರಿಯಲ್ಲಿ ಬೆಂಗಳೂರಿನಲ್ಲೇ ಅಂತರರಾಷ್ಟ್ರೀಯ ಸಮ್ಮೇಳನ ನಡೆಯಿತು, ಮರುವರ್ಷ ದೇಶದ ಪೆಟ್ರೋಲಿನಿಂದ ಸೀಸ ಹೊರಬಿತ್ತು. ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನಲ್ಲಿ ಸೀಸದ ವಿಷಕ್ಕೆಂದೇ ರಾಷ್ಟ್ರೀಯ ಕೇಂದ್ರ ಕಟ್ಟಿದ ಡಾ. ತುಪ್ಪಿಲ್ ವೆಂಕಟೇಶ್ ಪೇಟೆಯ ಬಣ್ಣದ ಡಬ್ಬಿಗಳತ್ತ ಗಮನ ತಿರುಗಿಸಿದರು. ಅವರೂ ಸಹಲೇಖಕರಾಗಿದ್ದ 2006ರ ಒಂದು ಅಧ್ಯಯನದ ಪ್ರಕಾರ, ಭಾರತದಂತೆ ನಿಯಂತ್ರಣವಿಲ್ಲದ ಏಷ್ಯಾ ದೇಶಗಳಲ್ಲಿ ಪರೀಕ್ಷಿಸಿದ ಹೊಸ ಬಣ್ಣಗಳಲ್ಲಿ ಮುಕ್ಕಾಲು ಪಾಲಿಗಿಂತ ಹೆಚ್ಚು ಅಮೆರಿಕದ ಮಿತಿ ಮೀರಿದ್ದವು. ಆಗ ಭಾರತದಲ್ಲಿದ್ದ ಮಾನಕ ಐಚ್ಛಿಕವಾದದ್ದು, ಪಾಲಿಸಿದರೆ ಪಾಲಿಸಿದಂತೆ.

ಕಡ್ಡಾಯ ನಿಯಮ ಬಂದದ್ದು 2016ರ ನವೆಂಬರ್ 1ರ ಅಧಿಸೂಚನೆಯಿಂದ. ಗೃಹಬಳಕೆಯ ಮತ್ತು ಅಲಂಕಾರಿಕ ಬಣ್ಣಗಳಲ್ಲಿ ಸೀಸ 90 ಪಿಪಿಎಂ ಮೀರಬಾರದು. ಅಂದರೆ ಒಂದು ಕಿಲೋ ಬಣ್ಣದಲ್ಲಿ 90 ಮಿಲಿಗ್ರಾಂ. ಒಂದು ವರ್ಷದ ನಂತರ ಅದು ಜಾರಿಯಾಯಿತು. ಡಬ್ಬಿಯ ಮೇಲೆ ಇದನ್ನು ನಮೂದಿಸಬೇಕು, ಉಸ್ತುವಾರಿ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯದು. ಒಳ್ಳೆಯ ನಿಯಮ, ಕಠಿಣವಾದ ಮಿತಿ. ಆದರೆ ಅದು ಕೈಗಾರಿಕಾ ಬಣ್ಣವನ್ನು ಹೊರಗಿಟ್ಟಿತು. ಟ್ರ್ಯಾಕ್ಟರು, ಟ್ರೇಲರು, ಬಿತ್ತುವ ಯಂತ್ರಕ್ಕೆಂದು ತಂದ ಡಬ್ಬಿಯಲ್ಲಿ ಉಳಿದ ಬಣ್ಣ ಮನೆಯ ಗೇಟಿಗೋ ಎತ್ತಿನ ಕೋಡಿಗೋ ಹೋಗುವುದು ಹಳ್ಳಿಯಲ್ಲಿ ಸಹಜ.

ಅದಕ್ಕಿಂತ ದೊಡ್ಡ ಕೊರತೆ ಹಳೆಯ ಪದರುಗಳದು. 2017ಕ್ಕೆ ಮೊದಲು ಹಚ್ಚಿದ ಬಣ್ಣ ಕದದ ಮೇಲೆ ಹಾಗೆಯೇ ಇದೆ. ಜಾತ್ರೆಗೋ ಮದುವೆಗೋ ಹೊಸ ಬಣ್ಣ ಹಚ್ಚಿಸುವಾಗ ಪೇಂಟರು ಹಳೆಯದನ್ನು ಪಾಲಿಶ್ ಪೇಪರಿನಿಂದ ಒಣಗಿದ್ದಂತೆಯೇ ಉಜ್ಜುತ್ತಾನೆ, ಇಲ್ಲವೇ ಬ್ಲೋಲ್ಯಾಂಪಿನಿಂದ ಸುಟ್ಟು ಕೆರೆಯುತ್ತಾನೆ. ಇಪ್ಪತ್ತು ವರ್ಷದಲ್ಲಿ ನಿಧಾನವಾಗಿ ಉದುರಬೇಕಾದ ಧೂಳು ಒಂದು ಮಧ್ಯಾಹ್ನದಲ್ಲಿ ಪಡಸಾಲೆಯ ತುಂಬ ಹರಡುತ್ತದೆ. ನೀರು ಚಿಮುಕಿಸಿ ಉಜ್ಜಬೇಕು, ಮಕ್ಕಳನ್ನೂ ಬಸುರಿಯರನ್ನೂ ಆ ದಿನ ಬೇರೆ ಮನೆಗೆ ಕಳಿಸಬೇಕು, ಕಸ ಗುಡಿಸುವ ಬದಲು ಒದ್ದೆ ಬಟ್ಟೆಯಿಂದ ಒರೆಸಬೇಕು. ಖರ್ಚಿಲ್ಲದ ಕ್ರಮಗಳಿವು. ಅಮೆರಿಕದಲ್ಲಿ 1978ಕ್ಕೆ ಹಿಂದಿನ ಮನೆಗಳಲ್ಲಿ ಬಣ್ಣ ಕೆರೆಯುವ ಗುತ್ತಿಗೆದಾರ ತರಬೇತಿಯ ಪ್ರಮಾಣಪತ್ರ ಪಡೆದಿರಬೇಕೆಂಬ ನಿಯಮ 2010ರಿಂದ ಇದೆ. 2016ರ ಭಾರತದ ನಿಯಮ ತಯಾರಕನನ್ನೂ ಮಾರುವವನನ್ನೂ ಕಟ್ಟಿಹಾಕುತ್ತದೆ, ಕೆರೆಯುವವನ ಬಗ್ಗೆ ಮೌನ. ಗ್ರಾಮ ಪಂಚಾಯಿತಿ ಒಂದು ಠರಾವಿನಿಂದ ತುಂಬಬಹುದಾದ ಜಾಗವೆಂದರೆ ಇದೊಂದೇ, ಅದರಲ್ಲೂ ಅಂಗನವಾಡಿ, ಶಾಲೆಗಳ ಹಳೆಯ ಕದ ಕಿಟಕಿಗಳ ವಿಷಯದಲ್ಲಿ.

ನೀರಿನ ಕಡೆ ನೋಡಿದರೆ, ನವಲಗುಂದ, ಅಣ್ಣಿಗೇರಿಯ ಎರೆನೆಲದಲ್ಲಿ ಬಾವಿಯ ನೀರು ಸವಳು. ಜನ ನಂಬಿದ್ದು ಕೆರೆಯನ್ನು, ಆಮೇಲೆ ಮಲಪ್ರಭೆಯ ಕಾಲುವೆ ತುಂಬಿಸಿದ ಕೆರೆಯನ್ನು. ಅಲ್ಲಿಂದ ಮನೆಗೆ ನೀರು ತಂದದ್ದು ಪಿವಿಸಿ ಪೈಪು. ಕಾಯಿಸುವಾಗ ಪ್ಲಾಸ್ಟಿಕ್ ಕೆಡದಿರಲೆಂದು ಅದಕ್ಕೆ ಸೀಸದ ಲವಣ ಬೆರೆಸುವುದು ಉದ್ಯಮದ ರೂಢಿಯಾಗಿತ್ತು. ಹೊಸ ಪೈಪಿನಲ್ಲಿ ರಾತ್ರಿಯಿಡೀ ನಿಂತ ನೀರಿಗೆ ಅದು ಇಳಿಯುತ್ತದೆ. ಕುಡಿಯುವ ನೀರಿನ ಭಾರತೀಯ ಮಾನಕ 1991ರಲ್ಲಿ ಲೀಟರಿಗೆ 0.05 ಮಿಲಿಗ್ರಾಂ ಸೀಸದವರೆಗೆ ಒಪ್ಪಿತ್ತು, 2012ರಲ್ಲಿ ಅದನ್ನು 0.01ಕ್ಕೆ ಇಳಿಸಿತು. ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯಲ್ಲಿ ನಡೆದ ಮೊಕದ್ದಮೆಯ ಬೆನ್ನಿಗೆ, ಪಿವಿಸಿ ಪೈಪುಗಳಿಂದ ಸೀಸವನ್ನು ತೆಗೆಯುವ ನಿಯಮಗಳು 2021ರಲ್ಲಿ ಹೊರಬಂದವು. ಮೊದಲೇ ಹೂತ ಪೈಪನ್ನು ಅಗೆದು ತೆಗೆಯುವ ಮಾತು ಅಲ್ಲಿಲ್ಲ. ಬೆಳಗಿನ ಮೊದಲ ನೀರನ್ನು ಕುಡಿಯಲು ಹಿಡಿಯದೆ ಬಿಟ್ಟುಬಿಡುವುದು ಮನೆಯವರ ಕೈಯಲ್ಲಿರುವ ಉಪಾಯ.

ಬ್ಯಾಟರಿಗೆ 2001ರಲ್ಲೇ ನಿಯಮ ಬಂದಿತ್ತು, ಹಳೆಯದನ್ನು ಮಾರಾಟಗಾರ ವಾಪಸು ಪಡೆಯಬೇಕೆಂದು. 2022ರ ಆಗಸ್ಟಿನ ಹೊಸ ನಿಯಮಗಳು ಆ ಹೊಣೆಯನ್ನು ತಯಾರಕನ ಹೆಗಲಿಗೇರಿಸಿದವು. ಹಳೆಯ ಬ್ಯಾಟರಿಗೆ ಗುಜರಿಯಲ್ಲಿ ಒಳ್ಳೆಯ ಬೆಲೆ ಇರುವುದರಿಂದ ಅದು ಹಳ್ಳಿಮನೆಯಲ್ಲಿ ಬಹಳ ದಿನ ಉಳಿಯುವುದಿಲ್ಲ. ಅಲ್ಲಿಂದ ಅದು ಕೆಲವೊಮ್ಮೆ ಲೈಸೆನ್ಸಿಲ್ಲದ ಭಟ್ಟಿಗೆ ಹೋಗುತ್ತದೆ. ಭಟ್ಟಿಯಲ್ಲಿ ದುಡಿದವನ ಬಟ್ಟೆಗೆ ಹತ್ತಿದ ಪುಡಿ ಅವನ ಜೊತೆ ಮನೆಗೆ ಬರುತ್ತದೆ.

ಸರಣಿಯಲ್ಲಿ ಈಚಿನದು ಪಾತ್ರೆಗಳ ಆದೇಶ. ಉತ್ತರ ಕರ್ನಾಟಕದವರು ಜರ್ಮನ್ ಪಾತ್ರೆ ಎಂದು ಕರೆಯುವ ಅಲ್ಯೂಮಿನಿಯಂ ಬೋಗುಣಿ, ತಪೇಲಿಗಳಲ್ಲಿ ಅಗ್ಗದವನ್ನು ಎಂಜಿನ್ನಿನ ಬಿಡಿಭಾಗ, ತಂತಿ, ಹಳೆಯ ತಗಡು ಎಲ್ಲ ಸೇರಿಸಿ ಕರಗಿಸಿ ಎರಕ ಹೊಯ್ಯುತ್ತಾರೆ. ಆ ಗುಜರಿಯ ಜೊತೆಗೆ ಸೀಸವೂ ಪಾತ್ರೆಗೆ ಸೇರುತ್ತದೆ, ಹುಳಿ ಬೇಯಿಸಿದಾಗ ಹೊರಬರುತ್ತದೆ. 2024ರ ಮಾರ್ಚ್ 14ರಂದು ಕೇಂದ್ರ ಸರ್ಕಾರ ಸ್ಟೀಲ್ ಮತ್ತು ಅಲ್ಯೂಮಿನಿಯಂ ಪಾತ್ರೆಗಳಿಗೆ ಐಎಸ್‌ಐ ಗುರುತನ್ನು ಕಡ್ಡಾಯ ಮಾಡಿತು. ಗುರುತಿಲ್ಲದ ಪಾತ್ರೆ ತಯಾರಿಸುವುದು, ತರಿಸುವುದು, ಮಾರುವುದು ಆ ಆದೇಶದ ಪ್ರಕಾರ ಅಪರಾಧ. ಮನೆಯ ನೆಲುವಿನಲ್ಲಿ ಮೊದಲೇ ಇರುವ ತಪೇಲಿಗೆ ಈ ಆದೇಶವೂ ತಟ್ಟುವುದಿಲ್ಲ.